ಹಸಿರು ಶಾಲೆಯ ಹಿತ್ತಲು ನೋಡಿದಿರಾ?

ಎರಡು ವರ್ಷದ ಹಿಂದಿನ ಮಾತು. ಜೂನ್ ತಿಂಗಳ ಮೊದಲ ವಾರ. ಎರಡನೇ ಕ್ಲಾಸಿನಲ್ಲಿದ್ದ ಮಗಳ ಡೈರಿಯಲ್ಲಿ ಒಂದು ಚೀಟಿ ಅಂಟಿಸಿ ಕಳಿಸಿದ್ದರು. ‘ನಾಡಿದ್ದು ಪರಿಸರ ದಿನ. ಮಕ್ಕಳು ಹಸಿರು ಬಟ್ಟೆ ಹಾಕಿಕೊಂಡು ಬರಬೇಕು. ಭೂಮಿ ಉಳಿಸಿ ಎಂಬ ವಿಷಯದ ಮೇಲೆ ಒಂದು ಮಾಡೆಲ್ ತರಬೇಕು’ ಅಂತ. ಮನೆಯಲ್ಲಿ ಹಸಿರು ಫ್ರಾಕ್ ಇರಲಿಲ್ಲ. ಸಂಜೆ ಪೇಟೆಗೆ ಓಡಿ ಹೊಸದು ತಂದೆ. ಹಾಗೇ ಸ್ಟೇಷನರಿ ಅಂಗಡಿಯಲ್ಲಿ ಥರ್ಮೊಕೋಲ್ ಶೀಟು, ಪ್ಲಾಸ್ಟಿಕ್ ಹುಲ್ಲು, ಗ್ಲಿಟರ್, ಗಮ್ ಎಲ್ಲ ಕೊಂಡದ್ದಾಯಿತು. ಮಗಳು ಒಂಬತ್ತಕ್ಕೇ ಆಕಳಿಸಿ ಮಲಗಿದಳು. ನಾನು ಹನ್ನೊಂದೂವರೆ ತನಕ ಹಾಲ್‌ನಲ್ಲಿ ಕೂತು ಭೂಮಿ ಉಳಿಸಿದೆ!

ನಗಬೇಡಿ. ನಿಮ್ಮಲ್ಲೂ ಎಷ್ಟೋ ಮಂದಿ ಹೀಗೇ ಭೂಮಿ ಉಳಿಸಿರುತ್ತೀರಿ, ನನಗೆ ಗೊತ್ತು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಮಾರನೇ ವಾರ ಮಗಳನ್ನು ಕರೆತರಲು ಹೋದಾಗ ಶಾಲೆಯ ಪಕ್ಕದ ಖಾಲಿ ಸೈಟಿನಿಂದ ಕಪ್ಪು ಹೊಗೆ ಏಳುತ್ತಿತ್ತು. ಮಕ್ಕಳು ತಂದ ಮಾಡೆಲ್‌ಗಳನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಹೊಗೆ ನೇರವಾಗಿ ಎಲ್‌ಕೆಜಿ ಕಿಟಕಿಗೆ ನುಗ್ಗುತ್ತಿತ್ತು. ‘ಅಮ್ಮಾ, ನಮ್ಮ ಭೂಮಿ ಅಲ್ಲಿದೆ ನೋಡು’ ಎಂದು ಮಗಳು ಬೆರಳು ತೋರಿಸಿದಳು. ಅರ್ಧ ಕರಗಿದ ನೀಲಿ ಚೆಂಡು. ಆ ದಿನ ಮನಸ್ಸಿಗೆ ಪಿಚ್ಚೆನಿಸಿತು.

ಅವತ್ತೇ ರಾತ್ರಿ ನಮ್ಮವರ ಹತ್ತಿರ ವರಾತ ತೆಗೆದೆ. ‘ಈ ಸ್ಕೂಲು ಸಾಕು. ಪರಿಸರದ ಮಧ್ಯೆ ಕಲಿಸೋ ಶಾಲೆಗಳು ಈಗ ಬಂದಿವೆಯಂತೆ. ಅಂಥದಕ್ಕೆ ಸೇರಿಸೋಣ’ ಎಂದೆ. ಅವರು ಪೇಪರಿನಿಂದ ತಲೆ ಎತ್ತದೆ, ‘ನೋಡೋಣ’ ಎಂದರು. ಗಂಡಸರ ‘ನೋಡೋಣ’ ಅಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ನಾನು ಬಿಡಲಿಲ್ಲ.

ಬಿದಿರಿನ ಗೇಟು, ಟ್ಯಾಂಕರ್ ನೀರು

ಆ ವರ್ಷ ಡಿಸೆಂಬರ್‌ನಲ್ಲಿ, ಊರಿಂದ ಇಪ್ಪತ್ತು ಕಿಲೋಮೀಟರ್ ದೂರದ ಅಂಥದೊಂದು ಖಾಸಗಿ ಶಾಲೆಯನ್ನು ನೋಡಲು ಹೋದೆವು. ಬಿದಿರಿನ ಗೇಟು. ಮಣ್ಣಿನ ಬಣ್ಣದ ಗೋಡೆ. ಹಂಚಿನ ಮಾಡು. ಒಳಗೆ ಕಾಲಿಡುತ್ತಿದ್ದಂತೆ ಹಕ್ಕಿಗಳ ದನಿ. ಒಬ್ಬ ಹುಡುಗ ನಮ್ಮನ್ನು ಎರೆಹುಳು ಗೊಬ್ಬರದ ತೊಟ್ಟಿಯ ಹತ್ತಿರ ಕರೆದೊಯ್ದು, ಮಣ್ಣಿಗೆ ಕೈ ಹಾಕಿ ಹುಳು ಎತ್ತಿ ತೋರಿಸಿದ. ಅವನ ಮುಖದಲ್ಲಿದ್ದ ಖುಷಿ ಸುಳ್ಳಲ್ಲ. ಹುಳು ಕಂಡರೆ ಕಿಟಾರನೆ ಕಿರುಚುವ ನನ್ನ ಮಗಳು ಎರಡೇ ನಿಮಿಷದಲ್ಲಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಮನಸ್ಸಿನಲ್ಲೇ ಅಡ್ಮಿಷನ್ ಮಾಡಿಬಿಟ್ಟೆ.

ಆಮೇಲೆ ಆಫೀಸಿನಲ್ಲಿ ಫೀಸಿನ ಪಟ್ಟಿ ಕೊಟ್ಟರು. ಮೊದಲ ವರ್ಷಕ್ಕೆ ಎಲ್ಲ ಸೇರಿ ನಮ್ಮವರ ಆರು ತಿಂಗಳ ಸಂಬಳ. ‘ನನ್ನ ಬಳೆ ಇವೆಯಲ್ಲ’ ಎಂದು ಮೆಲ್ಲಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ.

ಹೊರಡುವ ಮುಂಚೆ ಬಾತ್‌ರೂಮ್ ಹುಡುಕಿಕೊಂಡು ಅಡುಗೆಮನೆಯ ಹಿಂದಕ್ಕೆ ಹೋದೆ. ಅಲ್ಲಿ ಒಂದು ನೀರಿನ ಟ್ಯಾಂಕರ್ ನಿಂತಿತ್ತು. ಮುಂದಿನ ಹುಲ್ಲುಹಾಸಿಗೆ ಪೈಪು ಎಳೆದಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಲೇಪದ ತಟ್ಟೆ, ಲೋಟಗಳ ರಾಶಿ. ಹಿಂದಿನ ದಿನ ಯಾವುದೋ ಕಾರ್ಯಕ್ರಮ ಇತ್ತಂತೆ. ಅದನ್ನೆಲ್ಲ ಮೂಟೆ ಕಟ್ಟುತ್ತಿದ್ದ ಹೆಂಗಸನ್ನು ಮಾತಾಡಿಸಿದೆ. ಪಕ್ಕದ ಹಳ್ಳಿಯವರೇ.

‘ನಿಮ್ಮ ಮಕ್ಕಳೂ ಇಲ್ಲೇ ಓದ್ತಾರಾ?’

‘ಎಲ್ಲಾದ್ರೂ ಉಂಟಾ ಕಣವ್ವ! ನನ್ ಮಗ ರೋಡಿನಾಚೆ ಸರ್ಕಾರಿ ಸ್ಕೂಲ್ಗೆ ಹೋಯ್ತಾನೆ. ನಾನು ಮಾತ್ರ ಇಲ್ಲಿಗೆ ಬತ್ತೀನಿ, ಗುಡಿಸಕ್ಕೆ’ ಎಂದು ನಕ್ಕಳು.

ಮನೆಗೆ ಬರುವಾಗ ಇನ್ನೊಂದು ಲೆಕ್ಕ ಹೊಳೆಯಿತು. ಹೋಗಲು ಇಪ್ಪತ್ತು, ಬರಲು ಇಪ್ಪತ್ತು. ಪರಿಸರ ಕಲಿಯಲು ನನ್ನ ಮಗಳು ದಿನಕ್ಕೆ ನಲವತ್ತು ಕಿಲೋಮೀಟರ್ ಡೀಸೆಲ್ ಬಸ್ಸಿನಲ್ಲಿ ಕೂರಬೇಕು!

‘ಕೈಗೆ ಎಟುಕದ ದ್ರಾಕ್ಷಿ ಹುಳಿ ಅಂತೀರಾ?’ ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಆ ಹುಡುಗನ ಮಣ್ಣಾದ ಕೈ ಈಗಲೂ ನೆನಪಾಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. ಆದರೆ ಆ ದಿನದಿಂದ ಒಂದು ಪ್ರಶ್ನೆ ತಲೆ ಹೊಕ್ಕಿತು. ನಿಜವಾದ ಹಸಿರು ಶಾಲೆ ಅಂದರೆ ಯಾವುದು? ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬಹಳ ಜನ ಹೆಸರು ಹೇಳುವ ಒಂದು ಶಾಲೆಯಿಂದಲೇ ಶುರು ಮಾಡುತ್ತೇನೆ.

ಬಾಲಿಯ ಬಿದಿರು ಶಾಲೆ

ಇಂಡೊನೇಷ್ಯಾದ ಬಾಲಿ ದ್ವೀಪ ಗೊತ್ತಲ್ಲ? ಅಲ್ಲಿ ಸಿಬಾಂಗ್ ಕಾಜಾ ಎಂಬ ಊರಿನ ಹತ್ತಿರ, ಆಯುಂಗ್ ನದಿಯ ದಂಡೆಯಲ್ಲಿ ‘ಗ್ರೀನ್ ಸ್ಕೂಲ್’ ಎಂಬ ಖಾಸಗಿ ಶಾಲೆ ಇದೆ. ಶುರುವಾದದ್ದು 2008ರಲ್ಲಿ. ಕಟ್ಟಿದವರು ಜಾನ್ ಹಾರ್ಡಿ ಮತ್ತು ಸಿಂಥಿಯಾ ಹಾರ್ಡಿ ದಂಪತಿ. ಬಾಲಿಯಲ್ಲಿ ಒಡವೆ ವ್ಯಾಪಾರ ಮಾಡಿ ಹೆಸರು, ಹಣ ಎರಡನ್ನೂ ಗಳಿಸಿದ್ದವರು. ಆ ವ್ಯಾಪಾರವನ್ನು ಮಾರಿ ಶಾಲೆಗೆ ಕೈ ಹಾಕಿದರು.

ಕಟ್ಟಡಗಳೆಲ್ಲ ಬಿದಿರಿನವು. ನಡುವಿನ ದೊಡ್ಡ ಕಟ್ಟಡಕ್ಕೆ ‘ಹಾರ್ಟ್ ಆಫ್ ಸ್ಕೂಲ್’ ಎಂದು ಹೆಸರು. ಮೂರು ಸುರುಳಿಗಳು ಒಂದಕ್ಕೊಂದು ಹೆಣೆದುಕೊಂಡ ಹಾಗಿದೆ. ಮೇಲೆ ಹುಲ್ಲಿನ ಮಾಡು. ತರಗತಿಗಳಿಗೆ ಗೋಡೆಯೇ ಇಲ್ಲ, ಗಾಳಿ ತಾನಾಗಿ ಬರುತ್ತದೆ. ಹಳೇ ಕಾರುಗಳ ಮುಂಗಾಜಿನ ಹಿಂದೆ ಕಾಗದ ಇಟ್ಟು ಬರೆಯುವ ಬೋರ್ಡ್ ಮಾಡಿಕೊಂಡರು. ಮಕ್ಕಳು ತೋಟ ಮಾಡುತ್ತಾರೆ, ಕೆಸರಿನಲ್ಲಿ ಅಲ್ಲಿನ ‘ಮೆಪಂತಿಗನ್’ ಎಂಬ ಕುಸ್ತಿ ಆಡುತ್ತಾರೆ. ಹೋಟೆಲ್, ಮನೆಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ತಯಾರಿಸಿದ ಇಂಧನದಲ್ಲಿ ಓಡುವ ಬಸ್ಸಿನ ಯೋಜನೆ ವಿದ್ಯಾರ್ಥಿಗಳದ್ದೇ. 2012ರಲ್ಲಿ ಅಮೆರಿಕದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್‌ನವರು ಇದಕ್ಕೆ ‘ಭೂಮಿಯ ಮೇಲಿನ ಅತಿ ಹಸಿರು ಶಾಲೆ’ ಎಂಬ ಪ್ರಶಸ್ತಿ ಕೊಟ್ಟರು. 2014ರಲ್ಲಿ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಬಂದು ನೋಡಿಕೊಂಡು ಹೋದರು.

ಇದೆಲ್ಲ ಚೆಂದವೇ. ಆದರೆ ನನಗೆ ಹಿಡಿಸಿದ್ದು ಬಿದಿರಲ್ಲ, ಪ್ರಶಸ್ತಿಯೂ ಅಲ್ಲ. ಅಲ್ಲಿ ಓದುತ್ತಿದ್ದ ಇಬ್ಬರು ಅಕ್ಕತಂಗಿಯರ ಕೆಲಸ. ಮೆಲಾಟಿ ಮತ್ತು ಇಸಾಬೆಲ್ ವೈಸನ್. 2013ರಲ್ಲಿ ಒಬ್ಬಳಿಗೆ ಹನ್ನೆರಡು, ಇನ್ನೊಬ್ಬಳಿಗೆ ಹತ್ತು ವರ್ಷ. ಜಗತ್ತನ್ನು ಬದಲಿಸಿದ ದೊಡ್ಡವರ ಬಗ್ಗೆ ಕ್ಲಾಸಿನಲ್ಲಿ ಪಾಠ ಆಗಿತ್ತು. ‘ದೊಡ್ಡವರಾಗುವ ತನಕ ಯಾಕೆ ಕಾಯಬೇಕು? ನಾವು ಈಗಲೇ ಏನು ಮಾಡಬಹುದು?’ ಅಂತ ಆ ಹುಡುಗಿಯರಿಗೆ ಅನ್ನಿಸಿತು. ಸಮುದ್ರದ ದಂಡೆಯಲ್ಲಿ, ಗದ್ದೆಯಲ್ಲಿ ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಚೀಲ. ‘ಬೈ ಬೈ ಪ್ಲಾಸ್ಟಿಕ್ ಬ್ಯಾಗ್ಸ್’ ಎಂದು ಶುರು ಮಾಡಿ ಸಹಿ ಸಂಗ್ರಹಿಸಿದರು. ನಮ್ಮ ಗಾಂಧೀಜಿಯವರನ್ನೇ ನೆನೆದು ಬೆಳಗಿನಿಂದ ಸಂಜೆಯ ತನಕ ಉಪವಾಸ ಕೂತರು. ಆಗ ಅಲ್ಲಿನ ಗವರ್ನರ್ ಅವರನ್ನು ಕರೆಸಿ ಮಾತಾಡಿದರು. ಕೊನೆಗೆ 2018ರ ಡಿಸೆಂಬರ್‌ನಲ್ಲಿ ಬಾಲಿ ಸರ್ಕಾರ ಪ್ಲಾಸ್ಟಿಕ್ ಚೀಲ, ಸ್ಟ್ರಾ, ಥರ್ಮೊಕೋಲ್ ನಿಷೇಧಿಸುವ ನಿಯಮ ತಂದಿತು. 2019ರಲ್ಲಿ ಅದು ಜಾರಿಗೆ ಬಂತು.

ಇದು ಆ ಹುಡುಗಿಯರೊಬ್ಬರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಬೇರೆಯವರೂ ದುಡಿದಿದ್ದರು. ನಿಷೇಧ ಬಂದ ಮೇಲೆ ಬಾಲಿಯಲ್ಲಿ ಕಸವೇ ಇಲ್ಲ ಎಂದೂ ಅಲ್ಲ. ಮಳೆಗಾಲ ಬಂತೆಂದರೆ ಅಲ್ಲಿನ ಕುಟಾ ಕಡಲತೀರಕ್ಕೆ ಪ್ಲಾಸ್ಟಿಕ್ ಬಂದು ಬೀಳುತ್ತದೆ. ಆದರೆ ಒಂದು ಶಾಲೆಯ ಪಾಠ ಪುಸ್ತಕದಿಂದ ಎದ್ದು ಬೀದಿಗೆ ಬಂದದ್ದು ಸಣ್ಣ ಮಾತಲ್ಲ. ಹತ್ತು ವರ್ಷದ ಹುಡುಗಿಗೆ ‘ನೀನು ಚಿಕ್ಕವಳು, ಸುಮ್ಮನಿರು’ ಎನ್ನದ ಟೀಚರ್ ಇದ್ದರಲ್ಲ, ಅದು ದೊಡ್ಡದು.

ಯಾರ ಮಕ್ಕಳಿಗೆ?

ಇನ್ನೊಂದು ಮಗ್ಗುಲೂ ನೋಡಬೇಕು. ಬಾಲಿಯ ಈ ಶಾಲೆಯ ವರ್ಷದ ಫೀಸು ನಮ್ಮ ಲೆಕ್ಕದಲ್ಲಿ ಲಕ್ಷಾಂತರ ರೂಪಾಯಿ. ಬೇರೆ ಬೇರೆ ದೇಶಗಳಿಂದ ಅಪ್ಪ ಅಮ್ಮಂದಿರು ವಿಮಾನ ಹತ್ತಿ ಬಂದು, ಮನೆ ಮಾಡಿ, ಮಕ್ಕಳನ್ನು ಸೇರಿಸುತ್ತಾರೆ. ಅಲ್ಲಿನ ಸ್ಥಳೀಯರಿಗೆ ಅಷ್ಟು ಫೀಸು ಎಲ್ಲಿಂದ ಬರಬೇಕು? ಶಾಲೆಯವರಿಗೂ ಇದು ಗೊತ್ತಿದೆ. ಅದಕ್ಕೇ ಬಾಲಿ ಮಕ್ಕಳಿಗೆ ವಿದ್ಯಾರ್ಥಿವೇತನ ಇಟ್ಟಿದ್ದಾರೆ. ಸುತ್ತಲ ಹಳ್ಳಿ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಇಂಗ್ಲಿಷ್ ಕಲಿಸಿ, ಫೀಸಿನ ಬದಲು ಮನೆಯ ಕಸ ತರಿಸಿಕೊಳ್ಳುವ ಏರ್ಪಾಡನ್ನೂ ಮಾಡಿದರು. ಆದರೂ ನದಿಯ ದಂಡೆಯ ಗೋಡೆಯಿಲ್ಲದ ತರಗತಿಗೆ ಫೀಸಿನ ಗೋಡೆ ಇದ್ದೇ ಇದೆ.

ಈ ಗೋಡೆಯ ಜಗಳ ನ್ಯೂಜಿಲೆಂಡಿನಲ್ಲಿ ಬೀದಿಗೇ ಬಂತು. ಇದೇ ಮಾದರಿಯ ಗ್ರೀನ್ ಸ್ಕೂಲ್ 2020ರ ಆರಂಭದಲ್ಲಿ ಅಲ್ಲಿನ ತಾರನಾಕಿ ಎಂಬಲ್ಲಿ ತೆರೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸರ್ಕಾರ ಅದಕ್ಕೆ 1 ಕೋಟಿ 17 ಲಕ್ಷ ನ್ಯೂಜಿಲೆಂಡ್ ಡಾಲರ್ ಕೊಡುವುದಾಗಿ ಹೇಳಿತು. ಜನ ಸುಮ್ಮನಿರುತ್ತಾರೆಯೇ? ‘ನಮ್ಮ ಸರ್ಕಾರಿ ಶಾಲೆಗಳ ಕಟ್ಟಡ ಸೋರುತ್ತಿರುವಾಗ ದುಬಾರಿ ಖಾಸಗಿ ಶಾಲೆಗೆ ನಮ್ಮ ತೆರಿಗೆ ಹಣವೇ?’ ಎಂದು ಗಲಾಟೆ ಎದ್ದಿತು. ಇದನ್ನು ಬೆಂಬಲಿಸಿದ್ದ ಗ್ರೀನ್ ಪಾರ್ಟಿಯ ನಾಯಕ ಜೇಮ್ಸ್ ಶಾ ಕ್ಷಮೆ ಕೇಳಬೇಕಾಯಿತು. ಆಮೇಲೆ ಆ ಹಣವನ್ನು ಸಾಲವಾಗಿ ಬದಲಾಯಿಸಿದರು.

ಆ ಸುದ್ದಿ ಓದಿದಾಗ ನನಗೆ ಅಡುಗೆಮನೆ ಹಿಂದೆ ಮೂಟೆ ಕಟ್ಟುತ್ತಿದ್ದ ಹೆಂಗಸು ನೆನಪಾದಳು. ರೋಡಿನ ಆಚೆಗೊಂದು ಶಾಲೆ, ಈಚೆಗೊಂದು ಶಾಲೆ. ಗಾಳಿ ಒಂದೇ, ಅಂತರ್ಜಲ ಒಂದೇ. ಈಚೆಯವರ ಹುಲ್ಲುಹಾಸಿಗೆ ನೀರು ಹೋದರೆ ಆಚೆಯವರ ಬಿಂದಿಗೆಗೆ ಕಡಿಮೆಯಾಗುತ್ತದೆ. ಪರಿಸರ ಎನ್ನುವುದು ಕಾಂಪೌಂಡಿನ ಒಳಗೆ ಮಾತ್ರ ಇರುತ್ತದೆಯೇ ಹೇಳಿ?

ಪ್ಲಾಸ್ಟಿಕ್ಕೇ ಫೀಸು!

ಹಾಗಾದರೆ ಬಡವರಿಗೆ ಹಸಿರು ಶಾಲೆ ಸಾಧ್ಯವಿಲ್ಲವೇ? ಇದೆ. ಅದೂ ನಮ್ಮ ದೇಶದಲ್ಲೇ. ಅಸ್ಸಾಮಿನ ಗುವಾಹಟಿಯ ಹತ್ತಿರ ಪಮೋಹಿ ಎಂಬ ಊರು. ಅಲ್ಲಿ 2016ರಲ್ಲಿ ಪರ್ಮಿತಾ ಶರ್ಮಾ ಮತ್ತು ಮಾಜಿನ್ ಮುಖ್ತಾರ್ ಎಂಬಿಬ್ಬರು ‘ಅಕ್ಷರ್’ ಎಂಬ ಶಾಲೆ ಶುರು ಮಾಡಿದರು. ಸುತ್ತ ಕಲ್ಲು ಕ್ವಾರಿ. ಅಪ್ಪ ಅಮ್ಮಂದಿರದ್ದು ಕ್ವಾರಿ ಕೂಲಿ. ಎಷ್ಟೋ ಮಕ್ಕಳೂ ಶಾಲೆ ಬಿಟ್ಟು ಅದೇ ಕೆಲಸಕ್ಕೆ ಹೋಗುತ್ತಿದ್ದರು.

ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳಲು ಅಲ್ಲಿನ ಜನ ಪ್ಲಾಸ್ಟಿಕ್ ಸುಡುತ್ತಿದ್ದರು. ಆ ಹೊಗೆ ತರಗತಿಯೊಳಗೆ ತುಂಬುತ್ತಿತ್ತು. (ನಮ್ಮ ಮಗಳ ಶಾಲೆಯ ಹೊಗೆ ನೆನಪಿದೆಯಲ್ಲ?) ‘ಸುಡಬೇಡಿ, ಶಾಲೆಗೆ ಕೊಟ್ಟು ಕಳಿಸಿ’ ಎಂದು ಕೇಳಿಕೊಂಡರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಒಂದು ಉಪಾಯ ಹೂಡಿದರು. ‘ಪ್ಲಾಸ್ಟಿಕ್ ತಂದರೆ ಅದೇ ಫೀಸು’ ಎಂದರು. ಮಗು ವಾರಕ್ಕೆ ಇಪ್ಪತ್ತೈದು ಪ್ಲಾಸ್ಟಿಕ್ ವಸ್ತು ತರಬೇಕು. ಅಷ್ಟೇ!

ತಂದ ಕವರುಗಳನ್ನು ಮಕ್ಕಳೇ ಖಾಲಿ ಬಾಟಲಿಗೆ ಒತ್ತಿ ಒತ್ತಿ ತುಂಬಿ ಇಟ್ಟಿಗೆಯಂತೆ ಮಾಡಿದರು. ಅದರಿಂದ ಗಿಡಗಳಿಗೆ ಬೇಲಿ, ಕಾಲುದಾರಿ ಕಟ್ಟಿದರು. ದೊಡ್ಡ ಮಕ್ಕಳು ಸಣ್ಣ ಮಕ್ಕಳಿಗೆ ಪಾಠ ಹೇಳಿಕೊಡುವುದು ಅಲ್ಲಿನ ಪದ್ಧತಿ. ಅದಕ್ಕೆ ಆಟದ ನೋಟಿನಲ್ಲಿ ಸಂಬಳ ಕೊಡುತ್ತಾರೆ. ಆ ನೋಟಿನಿಂದ ಮಕ್ಕಳು ತಿಂಡಿ, ಬಟ್ಟೆ, ಚಪ್ಪಲಿ ಕೊಳ್ಳಬಹುದು. ಕ್ವಾರಿ ಕೂಲಿ ಬಿಟ್ಟು ಶಾಲೆಗೆ ಬಂದರೆ ನಷ್ಟವಿಲ್ಲ ಎಂದು ಹೆತ್ತವರಿಗೂ ಅನ್ನಿಸಬೇಕಲ್ಲ, ಅದಕ್ಕೆ ಈ ಜಾಣತನ.

ಬಾಟಲಿಗೆ ತುಂಬಿದ ಪ್ಲಾಸ್ಟಿಕ್ ಮಾಯವಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಹೊಗೆ ನಿಲ್ಲಬೇಕಿತ್ತು, ಕಸ ಎಂದರೆ ಏನೆಂದು ಮಕ್ಕಳ ಕೈಗೆ ಗೊತ್ತಾಗಬೇಕಿತ್ತು. ಬಾಲಿ ಮತ್ತು ಪಮೋಹಿ, ಎರಡರ ಮಧ್ಯೆ ಅಜಗಜಾಂತರ. ಒಂದರಲ್ಲಿ ದುಡ್ಡಿದೆ, ಇನ್ನೊಂದರಲ್ಲಿ ಇಲ್ಲ. ಆದರೆ ಎರಡರಲ್ಲೂ ನನಗೆ ಮೆಚ್ಚುಗೆಯಾದದ್ದು ಒಂದೇ. ಮಗುವಿನ ಮುಂದೆ ಅದರದ್ದೇ ಊರಿನ, ಅದರದ್ದೇ ಕಸವನ್ನು ತಂದಿಟ್ಟು ‘ಇದಕ್ಕೇನು ಮಾಡ್ತೀಯ?’ ಎಂದು ಕೇಳುವುದು. ಹಸಿರು ಶಾಲೆ ಅಂದರೆ ಇಷ್ಟೇ ಎಂದು ನನ್ನ ಅಭಿಪ್ರಾಯ. ಮಿಕ್ಕದ್ದೆಲ್ಲ ಅಲಂಕಾರ.

ಬಿದಿರನ್ನೂ ಹಾಗೇ ನೋಡಬೇಕು. ಬಾಲಿಯಲ್ಲಿ ಬಿದಿರು ಬೆಳೆಯುತ್ತದೆ, ಅದಕ್ಕೇ ಬಿದಿರಿನ ಶಾಲೆ. ಲಡಾಖಿನಲ್ಲಿ ಸೋನಮ್ ವಾಂಗ್ಚುಕ್ ಮತ್ತು ಗೆಳೆಯರು 1988ರಲ್ಲಿ ಕಟ್ಟಿದ ‘ಸೆಕ್ಮೋಲ್’ ಸಂಸ್ಥೆಯವರು ಮಣ್ಣಿನ ದಪ್ಪ ಗೋಡೆ ಎಬ್ಬಿಸಿ, ದಕ್ಷಿಣದ ಬಿಸಿಲು ಒಳಗೆ ಬರುವಂತೆ ಮಾಡಿಕೊಂಡರು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಇದ್ದರೂ ಒಳಗೆ ಬೆಚ್ಚಗೆ. ಅವರವರ ಊರಿನಲ್ಲಿ ಸಿಗುವುದರಲ್ಲಿ ಅವರವರ ಶಾಲೆ. ನಮ್ಮ ಬಯಲುಸೀಮೆಯಲ್ಲಿ ಟ್ಯಾಂಕರ್ ತರಿಸಿ ಹುಲ್ಲು ಬೆಳೆಸಿ ‘ಹಸಿರು’ ಎಂದರೆ ಅದು ಹಸಿರು ಬಣ್ಣ, ಅಷ್ಟೆ. ಮಾಡಿನ ಮಳೆನೀರನ್ನು ತೊಟ್ಟಿಗೆ ಇಳಿಸಿದ ಹಳೇ ಹೆಂಚಿನ ಸರ್ಕಾರಿ ಶಾಲೆ ಅದಕ್ಕಿಂತ ಎಷ್ಟೋ ಹಸಿರು.

ಅಂಕಕ್ಕಾಗಿ ಪರಿಸರ

ಪರಿಸರ ಪಾಠ ನಮ್ಮಲ್ಲಿ ಹೊಸದೇನಲ್ಲ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದು ಹೇಳಿತು. 2003ರಲ್ಲಿ ಎನ್‌ಸಿಇಆರ್‌ಟಿಗೆ ಪಠ್ಯಕ್ರಮ ಮಾಡಿಕೊಡಲು ಸೂಚಿಸಿತು. ಈಗ ಎಲ್ಲ ಶಾಲೆಯಲ್ಲೂ ಪರಿಸರದ ಪಾಠ ಇದೆ. ಇಕೋ ಕ್ಲಬ್ ಇದೆ. ಆದರೆ ಏನಾಗಿದೆ? ‘ಮರಗಳಿಂದ ಆಗುವ ಐದು ಉಪಯೋಗ ಬರೆಯಿರಿ’ ಎಂದರೆ ಮಗು ಗಿಳಿಯಂತೆ ಒಪ್ಪಿಸುತ್ತದೆ. ಶಾಲೆಯ ಮುಂದಿನ ಮರದ ಹೆಸರು ಕೇಳಿ, ಗೊತ್ತಿರುವುದಿಲ್ಲ. ಆ ಐದು ಉಪಯೋಗ ಬರೆಸಿದ ಅಮ್ಮನಿಗೂ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಹೊಂಗೆ ಎಂದು ಆಮೇಲೆ ಹೂ ಮಾರುವ ಅಜ್ಜಿ ಹೇಳಿದರು.

ಇನ್ನೊಂದು ವಿಷಯ. ಅಲಂಕಾರಕ್ಕೆ ಬಳಸುವ ಥರ್ಮೊಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, ಕ್ಯಾಂಡಿಯ ಪ್ಲಾಸ್ಟಿಕ್ ಕಡ್ಡಿ ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಪಟ್ಟಿಯಲ್ಲಿವೆ. ಶಾಲೆಯ ಒಂದು ವರ್ಷದ ಹಬ್ಬ, ಹುಟ್ಟುಹಬ್ಬ ನೆನಪು ಮಾಡಿಕೊಳ್ಳಿ. ಇದರಲ್ಲಿ ಯಾವುದು ಇರುವುದಿಲ್ಲ ಹೇಳಿ?

ಸೇರಿಸುವ ಮುಂಚೆ ಕೇಳಿ

‘ಪರಿಸರಸ್ನೇಹಿ ಶಾಲೆ’ ಎಂಬ ಜಾಹೀರಾತು ನೋಡಿ ನಿಮಗೂ ಆಸೆಯಾಗಿರಬಹುದು. ತಪ್ಪಿಲ್ಲ. ಒಳ್ಳೆಯ ಶಾಲೆಗಳೂ ಇವೆ. ಆದರೆ ಒಡವೆ ಅಡ ಇಡುವ ಮುಂಚೆ ಈ ಕೆಲವು ಪ್ರಶ್ನೆ ಕೇಳಿ. ಕೇಳಲು ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

* ಮುಂಬಾಗಿಲಲ್ಲ, ಹಿತ್ತಲು ತೋರಿಸಿ ಎನ್ನಿ. ಶಾಲೆಯ ಕಸ ಎಲ್ಲಿಗೆ ಹೋಗುತ್ತದೆ? ಹಸಿ ಕಸ, ಒಣ ಕಸ ಬೇರೆ ಮಾಡುತ್ತಾರಾ? ಮಾಡುವವರು ಮಕ್ಕಳೋ ಆಯಾಗಳೋ?

* ನೀರು ಎಲ್ಲಿಂದ ಬರುತ್ತದೆ? ಮಳೆನೀರು ಹಿಡಿಯುವ ವ್ಯವಸ್ಥೆ ಇದ್ದರೆ ಕಣ್ಣಾರೆ ನೋಡಿ. ಕೈ ತೊಳೆದ ನೀರು ಗಿಡಕ್ಕೆ ಹೋಗುತ್ತದೋ ಚರಂಡಿಗೋ?

* ತೋಟ ಇದ್ದರೆ, ಅದರ ಕೆಲಸ ಮಾಲಿಯದೋ ಮಕ್ಕಳದೋ? ವಾರಕ್ಕೆ ಎಷ್ಟು ಪೀರಿಯಡ್? ಬೆಳೆದದ್ದು ಯಾರ ತಟ್ಟೆಗೆ ಹೋಗುತ್ತದೆ?

* ಕ್ಯಾಂಟೀನಿನಲ್ಲಿ ಪ್ಯಾಕೆಟ್ ತಿಂಡಿ ಇದೆಯಾ? ಹುಟ್ಟುಹಬ್ಬಕ್ಕೆ, ವಾರ್ಷಿಕೋತ್ಸವಕ್ಕೆ ಯಾವ ತಟ್ಟೆ, ಯಾವ ಬ್ಯಾನರ್?

* ಮನೆಯಿಂದ ಎಷ್ಟು ದೂರ? ಮಗು ದಿನಕ್ಕೆ ಎಷ್ಟು ಹೊತ್ತು ಬಸ್ಸಿನಲ್ಲಿ ಕೂರಬೇಕು?

* ಪಕ್ಕದ ಹಳ್ಳಿಯ ಮಕ್ಕಳು ಎಷ್ಟು ಮಂದಿ ಓದುತ್ತಿದ್ದಾರೆ? ಆಯಾ, ಡ್ರೈವರ್ ಮಕ್ಕಳಿಗೆ ಸೀಟು ಇದೆಯಾ? ಇದಕ್ಕೆ ಸಿಗುವ ಉತ್ತರದಲ್ಲೇ ಶಾಲೆಯ ಮನಸ್ಸು ಗೊತ್ತಾಗುತ್ತದೆ.

* ಯಾವ ಬೋರ್ಡಿನ ಮಾನ್ಯತೆ ಇದೆ? ಯಾವ ತರಗತಿವರೆಗೆ? ಹತ್ತನೆಯ ತರಗತಿ ಪರೀಕ್ಷೆಗೆ ಹೇಗೆ ತಯಾರು ಮಾಡುತ್ತಾರೆ? ನಡುವೆ ಬಿಡಿಸಿ ಬೇರೆ ಕಡೆ ಹಾಕುವ ಫಜೀತಿ ಮಗುವಿಗೆ ಬರಬಾರದು.

ಎಲ್ಲದಕ್ಕೂ ನೂರಕ್ಕೆ ನೂರು ಸರಿ ಉತ್ತರ ಯಾವ ಶಾಲೆಯಲ್ಲೂ ಸಿಗಲಿಕ್ಕಿಲ್ಲ. ‘ಇದು ನಮ್ಮಲ್ಲಿ ಇನ್ನೂ ಆಗಿಲ್ಲ, ಮಾಡಬೇಕು’ ಎನ್ನುವ ಶಾಲೆಯನ್ನು ನಂಬಬಹುದು. ಪ್ರಶ್ನೆ ಕೇಳಿದ ಕೂಡಲೇ ಬ್ರೋಷರ್ ಮುಂದಿಡುವವರಿಂದ ಸ್ವಲ್ಪ ದೂರ ಇರಿ.

ಇದ್ದ ಶಾಲೆಯಲ್ಲೇ...

ಕೊನೆಗೆ ನಾವೇನು ಮಾಡಿದೆವು ಅಂತೀರಾ? ಬಳೆ ಕೈಯಲ್ಲೇ ಉಳಿಯಿತು. ಮಗಳು ಅದೇ ಹಳೇ ಶಾಲೆಯಲ್ಲಿದ್ದಾಳೆ. ಆದರೆ ನಾನು ಮೊದಲಿನ ಹಾಗೆ ಸುಮ್ಮನಿರಲಿಲ್ಲ. ನಾಲ್ಕು ಜನ ಅಮ್ಮಂದಿರು ಸೇರಿ ಹೆಡ್‌ಮಿಸ್ ಹತ್ತಿರ ಹೋದೆವು. ಮೂರೇ ಬೇಡಿಕೆ. ಥರ್ಮೊಕೋಲ್ ಮಾಡೆಲ್ ಬೇಡ. ಕಸ ಸುಡುವುದು ಬೇಡ. ಹುಟ್ಟುಹಬ್ಬಕ್ಕೆ ಪ್ಲಾಸ್ಟಿಕ್ ರಿಟರ್ನ್ ಗಿಫ್ಟ್ ಬೇಡ.

ಮೊದಲ ಎರಡಕ್ಕೆ ಅವರು ತಕ್ಷಣ ಒಪ್ಪಿದರು. ‘ಯಾರೂ ಹೇಳಿರಲಿಲ್ಲ ಕಣ್ರೀ’ ಎಂದರು. ಮೂರನೆಯದಕ್ಕೆ ನಕ್ಕರು. ‘ಅದು ನಮ್ಮ ಕೈಲಿಲ್ಲ ಮೇಡಂ. ಬೇಡ ಅಂದ್ರೆ ಪೇರೆಂಟ್ಸೇ ಜಗಳಕ್ಕೆ ಬರ್ತಾರೆ. ನೀವೇ ಮಾತಾಡಿ ನೋಡಿ’ ಎಂದರು. ನಾನು ತಲೆ ತಗ್ಗಿಸಿದೆ. ಯಾಕೆಂದರೆ ಹಿಂದಿನ ವರ್ಷ ಮಗಳ ಹುಟ್ಟುಹಬ್ಬಕ್ಕೆ ನಲವತ್ತು ಪ್ಲಾಸ್ಟಿಕ್ ಪೆನ್ಸಿಲ್ ಬಾಕ್ಸ್ ಹಂಚಿದ್ದವಳು ನಾನೇ!

ತಪ್ಪು ಶಾಲೆಯದು ಎನ್ನುತ್ತ ಬಂದ ನಮಗೆ ಅಲ್ಲಿ ಕನ್ನಡಿ ಸಿಕ್ಕಿತು. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಾತಾಡಿದೆವು. ಕೆಲವರು ಒಪ್ಪಿದರು, ಕೆಲವರು ಮೂಗು ಮುರಿದರು. ‘ವರ್ಷಕ್ಕೊಂದು ಹುಟ್ಟಿದ ಹಬ್ಬ, ಅದರಲ್ಲೂ ನಿಮ್ಮದೇನ್ರೀ ಪಾಠ?’ ಎಂದು ಒಬ್ಬರು ಮುಖಕ್ಕೇ ಹೇಳಿದರು. ಇವತ್ತಿಗೂ ತರಗತಿಯ ಅರ್ಧ ಮಕ್ಕಳು ಪ್ಲಾಸ್ಟಿಕ್ ಉಡುಗೊರೆ ತರುತ್ತಾರೆ. ಇನ್ನರ್ಧ ಮಕ್ಕಳು ಕಡಲೆ ಮಿಠಾಯಿಯೋ ಮನೆಯಲ್ಲಿ ಮಾಡಿದ ರವೆ ಉಂಡೆಯೋ ತರುತ್ತಾರೆ. ಅರ್ಧವಾದರೂ ಆಯಿತಲ್ಲ ಎಂದು ನಾನು ಸಮಾಧಾನ ಪಟ್ಟುಕೊಳ್ಳುತ್ತೇನೆ.

ಮನೆಯಲ್ಲೂ ಒಂದು ಪದ್ಧತಿ ಇಟ್ಟುಕೊಂಡೆವು. ಬೆಳಿಗ್ಗೆ ಕಸದ ಗಾಡಿಗೆ ಬುಟ್ಟಿ ತೆಗೆದುಕೊಂಡು ಹೋಗುವುದು ಮಗಳ ಕೆಲಸ. ಬೇರೆ ಮಾಡುವುದೂ ಅವಳೇ. ಮೊದಲ ವಾರ ‘ಛೀ’ ಎಂದಳು. ಅತ್ತೆಯವರು ‘ಹೆಣ್ಣುಮಗೂ ಕೈಲಿ ಕಸ ಎತ್ತಿಸ್ತೀಯಲ್ಲೇ’ ಎಂದು ಬೇಜಾರು ಮಾಡಿಕೊಂಡರು. ಈಗ ಅವಳೇ ಅಜ್ಜಿಗೆ ಹೇಳುತ್ತಾಳೆ, ‘ಅಜ್ಜಿ, ಹಾಲಿನ ಕವರ್ ತೊಳೆದು ಹಾಕು’ ಅಂತ. ಗಾಡಿಯ ಅಣ್ಣನ ಹೆಸರೂ ಅವಳಿಗೆ ಗೊತ್ತು. ನಮ್ಮ ಕಸ ಎಲ್ಲಿಗೆ ಹೋಗುತ್ತದೆ ಎಂದು ಅವನನ್ನೇ ಕೇಳಿ ತಿಳಿದುಕೊಂಡು ಬಂದು ನನಗೆ ಹೇಳಿದಳು. ಅಷ್ಟು ವರ್ಷದಿಂದ ಕಸ ಹಾಕುತ್ತಿದ್ದ ನಾನು ಒಂದು ದಿನವೂ ಕೇಳಿರಲಿಲ್ಲ.

ಒಳ್ಳೆಯ ಹಸಿರು ಶಾಲೆ ಹತ್ತಿರದಲ್ಲಿದ್ದು, ಕೈಗೆಟುಕಿದರೆ ಖಂಡಿತ ಸೇರಿಸಿ. ಎಟುಕದಿದ್ದರೆ ‘ಮಗುವಿಗೆ ಮೋಸ ಮಾಡಿದೆ’ ಎಂದು ಕೊರಗಬೇಡಿ. ಗೆಳತಿಯರೇ, ಮುಂದಿನ ಜೂನ್‌ನಲ್ಲಿ ಡೈರಿಯಲ್ಲಿ ಆ ಚೀಟಿ ಬಂದೇ ಬರುತ್ತದೆ. ಆಗ ಸ್ಟೇಷನರಿ ಅಂಗಡಿಗೆ ಓಡಬೇಡಿ. ಮಗುವನ್ನು ಕರೆದುಕೊಂಡು ಮನೆಯ ಹಿತ್ತಲಿಗೆ ಹೋಗಿ. ಹಿತ್ತಲಿಲ್ಲದವರು ಕಸದ ಬುಟ್ಟಿಯ ಮುಂದೆ ಕೂತುಕೊಳ್ಳಿ. ಅಲ್ಲಿಂದಲೇ ಪಾಠ ಶುರುವಾಗಲಿ. ಮತ್ತೆ ಒಂದು ಮಾತು, ಮಾಡೆಲ್ ಮಗುವೇ ಮಾಡಲಿ. ಅಂಕು ಡೊಂಕಾದರೂ ಪರವಾಗಿಲ್ಲ. ನೀವು ಒಂಬತ್ತಕ್ಕೆ ಮಲಗಿ!